ನಕ್ಷೆ ಒಬ್ಬರದು, ಗಾರೆ ಇನ್ನೊಬ್ಬರದು, ನಡುವೆ ಮನೆಯವರು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ಗೋಳು. ಆರ್ಕಿಟೆಕ್ಟ್ ಒಂದು ಹೇಳುತ್ತಾರೆ, ಗುತ್ತಿಗೆದಾರರು ಇನ್ನೊಂದು ಮಾಡುತ್ತಾರೆ. ಹಾಗಾಗಿ ಟೈಲ್ಸ್ ಬಣ್ಣ, ಕಿಟಕಿ ಗ್ರಿಲ್ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ. ನಾನೂ ಆರ್ಕಿಟೆಕ್ಟೇ ಅನ್ನೋದು ನಿಮಗೆ ಗೊತ್ತಿದೆ. ನಮ್ಮವರ ಕಡೆ ವಾಲಿದ್ದೇನೆ ಅನಿಸಿದರೆ ಬರೆದು ಬೈಯಿರಿ.

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ಮನೆ ಕಟ್ಟಿಸುತ್ತಿದ್ದೇವೆ. ನೆಲದಿಂದ ಮೇಲಿನ ನೆಲಕ್ಕೆ 10 ಅಡಿ, 20 ಮೆಟ್ಟಿಲು, ಕಾಂಕ್ರೀಟ್ ಹಾಕಿದಾಗ ಎಲ್ಲವೂ 6 ಇಂಚು ಇದ್ದವು. ಈಗ ನೆಲಕ್ಕೆ ಗಾರೆ, ಟೈಲ್ಸ್ ಸೇರಿ 3 ಇಂಚು, ಮೆಟ್ಟಿಲಿಗೆ ಗ್ರಾನೈಟ್ ಸೇರಿ ಒಂದೂವರೆ ಇಂಚು ಬಂದಿದೆ. ಮೊದಲ ಮೆಟ್ಟಿಲು ಗಿಡ್ಡ, ಕೊನೆಯದು ಎತ್ತರ. ನಮ್ಮ ಅತ್ತೆ ಎರಡು ಸಲ ಎಡವಿದರು. ಗುತ್ತಿಗೆದಾರರು "ನಕ್ಷಾದಾಗ ಇದ್ದಂಗ ಮಾಡೀನ್ರೀ" ಎನ್ನುತ್ತಾರೆ. ಆರ್ಕಿಟೆಕ್ಟ್ "ಅವರಿಗೆ ನಕ್ಷೆ ಓದೋಕೆ ಬರಲ್ಲ" ಎನ್ನುತ್ತಾರೆ. ಇಬ್ಬರೂ ನನಗೇ ಫೋನ್ ಮಾಡುತ್ತಾರೆ, ಒಬ್ಬರಿಗೊಬ್ಬರು ಮಾಡುವುದಿಲ್ಲ. ಯಾರ ತಪ್ಪು?

ಉತ್ತರ: ಮೊದಲು ಮೆಟ್ಟಿಲು ನೋಡೋಣ, ತಪ್ಪು ಆಮೇಲೆ. ಕೆಳಗಿನ ನೆಲ 3 ಇಂಚು ಏರಿತು, ಮೊದಲ ಮೆಟ್ಟಿಲು ಒಂದೂವರೆ ಮಾತ್ರ ಏರಿತು. ಹಾಗಾಗಿ ಅಲ್ಲಿ ಉಳಿದದ್ದು ನಾಲ್ಕೂವರೆ ಇಂಚು. ಮೇಲೆ ಇದೇ ಉಲ್ಟಾ ಆಗಿ ಕೊನೆಯದು ಏಳೂವರೆ ಆಗಿದೆ. ನಡುವಿನವೆಲ್ಲ ಸರಿಯಾಗಿ 6. ಕಾಲು ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಎತ್ತರ ಕಲಿತುಬಿಡುತ್ತದೆ, ಆಮೇಲೆ ಯಾರೂ ಕೆಳಗೆ ನೋಡುವುದಿಲ್ಲ. ಅದಕ್ಕೇ ಅತ್ತೆ ಎಡವಿದ್ದು, ವಯಸ್ಸಿನಿಂದ ಅಲ್ಲ.

ಸರಿ ಮಾಡುವ ದಾರಿ ಇದೆ. ಗ್ರಾನೈಟ್ ಎಬ್ಬಿಸಿ ಎಲ್ಲ ಮೆಟ್ಟಿಲಿಗೂ ಒಂದೂವರೆ ಬದಲು 3 ಇಂಚು ಕೊಟ್ಟರೆ ಎಲ್ಲವೂ ಮತ್ತೆ 6ಕ್ಕೆ ಬರುತ್ತವೆ. ಆದರೆ ಆ ಗಾರೆಯ ಭಾರ ಮೆಟ್ಟಿಲ ಸ್ಲ್ಯಾಬ್ ಮೇಲೆ ಬೀಳುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಹೂಂ ಅಂದ ಮೇಲೆಯೇ ಕೈ ಹಾಕಿ. ಕಾಂಕ್ರೀಟಿಗೆ ಅಚ್ಚಿನ ಹಲಗೆ, ಅಂದರೆ ಸೆಂಟ್ರಿಂಗ್, ಹೊಡೆಯುವಾಗಲೇ ಮೆಟ್ಟಿಲನ್ನು ಒಂದೂವರೆ ಇಂಚು ಮೇಲೆ ಹಿಡಿದಿದ್ದರೆ ಒಂದು ಪೈಸೆ ಖರ್ಚಿಲ್ಲದೆ ಮುಗಿಯುತ್ತಿತ್ತು, ಬೇಜಾರಿನ ವಿಷಯ ಅದೇ.

ಈಗ ತಪ್ಪು. ನಕ್ಷೆಯಲ್ಲಿ ನೆಲದ ದಪ್ಪ ಎಷ್ಟು, ಮೆಟ್ಟಿಲ ಮೇಲಿನ ಕಲ್ಲಿನ ದಪ್ಪ ಎಷ್ಟು ಎಂದು ಆರ್ಕಿಟೆಕ್ಟ್ ಬರೆದಿದ್ದರೇ? ನೀವು ಕಳಿಸಿದ ಫೋಟೋದಲ್ಲಿ ಅದು ಕಾಣಲಿಲ್ಲ. ಬರೆದಿಲ್ಲ ಎಂದಾಗ ಗುತ್ತಿಗೆದಾರರು ಕೇಳಿದರೇ? ಕೇಳಿಲ್ಲ. ನಕ್ಷೆಯಲ್ಲಿ ಖಾಲಿ ಬಿಟ್ಟ ಜಾಗವನ್ನು ಸೈಟಿನಲ್ಲಿ ಯಾರೋ ಒಬ್ಬರು ತುಂಬಿಯೇ ತುಂಬುತ್ತಾರೆ. ಆರ್ಕಿಟೆಕ್ಟ್ ತುಂಬದಿದ್ದರೆ ಗೌಂಡಿ ತುಂಬುತ್ತಾನೆ. ಅವನು ತನಗೆ ತಿಳಿದ ಹಾಗೆ ತುಂಬುತ್ತಾನೆ, ಅದರಲ್ಲಿ ಅವನ ದುರುದ್ದೇಶ ಏನೂ ಇರುವುದಿಲ್ಲ.

ನನ್ನದೇ ಒಂದು ಮರ್ಯಾದೆ ಹೋದ ಕಥೆ ಹೇಳುತ್ತೇನೆ. ಬಹಳ ವರ್ಷದ ಹಿಂದೆ ಕೇಶ್ವಾಪುರದಲ್ಲಿ ಒಂದು ಮನೆ. ಮೇಲಿನ ಮಹಡಿಯ ಬಚ್ಚಲಿಗೆ ಸ್ಲ್ಯಾಬ್ ಒಂದು ಅಡಿ ಇಳಿಸಬೇಕು ಎಂದು ನನ್ನ ನಕ್ಷೆಯಲ್ಲಿ ತೋರಿಸಿದ್ದೆ. ಕಬ್ಬಿಣದ ವಿವರ ಇರುವ ಸ್ಟ್ರಕ್ಚರಲ್ ನಕ್ಷೆಯಲ್ಲಿ ಅದು ಬಂದಿರಲಿಲ್ಲ. ಸ್ಲ್ಯಾಬ್ ಹಾಕುವ ದಿನ ಗುತ್ತಿಗೆದಾರರ ಕೈಯಲ್ಲಿ ಇದ್ದದ್ದು ಕಬ್ಬಿಣದ ನಕ್ಷೆ, ಅದರಂತೆ ಸಪಾಟಾಗಿ ಹಾಕಿದರು. ನಾನು ಅವತ್ತು ಧಾರವಾಡದಲ್ಲಿ ಇನ್ನೊಂದು ಮನೆಯ ಮುಹೂರ್ತಕ್ಕೆ ಹೋಗಿದ್ದೆ, ಹೋಳಿಗೆ ಊಟ ಮಾಡುತ್ತಿದ್ದೆ. ಕೊನೆಗೆ ಪೈಪು ಕೂರಿಸಲು ಬಚ್ಚಲ ನೆಲವನ್ನೇ ಏರಿಸಬೇಕಾಯಿತು. ಇವತ್ತಿಗೂ ಆ ಮನೆಯವರು ಸ್ನಾನಕ್ಕೆ ಒಂದು ಕಟ್ಟೆ ಹತ್ತಿ ಹೋಗುತ್ತಾರೆ. ಗುತ್ತಿಗೆದಾರರನ್ನು ಅವತ್ತು ನಾನು ಜೋರಾಗಿ ಬೈದೆ. ಮನೆಗೆ ಬಂದು ಎರಡು ನಕ್ಷೆ ಪಕ್ಕಪಕ್ಕ ಇಟ್ಟು ನೋಡಿದಾಗ ತಪ್ಪು ನನ್ನ ಟೇಬಲ್ ಮೇಲೇ ಇತ್ತು. ಎರಡೂ ನಕ್ಷೆಯನ್ನು ಒಟ್ಟಿಗೆ ಇಟ್ಟು ನೋಡುವ ಕೆಲಸ ನನ್ನದಾಗಿತ್ತು.

ನೀವು ಪೋಸ್ಟ್‌ಮನ್ ಕೆಲಸ ಇವತ್ತೇ ಬಿಡಿ. ನೀವು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವಾಗ ಅಳತೆ ಬಿದ್ದುಹೋಗುತ್ತದೆ, ಸಿಟ್ಟು ಮಾತ್ರ ತಲುಪುತ್ತದೆ. ವಾರಕ್ಕೆ ಒಂದು ದಿನ, ಒಂದೇ ಹೊತ್ತು, ಸೈಟಿನಲ್ಲೇ ಮೂವರೂ ನಿಲ್ಲಿ. ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಆದರೆ ಒಳ್ಳೆಯದು, ಗೌಂಡಿಯೂ ಕಬ್ಬಿಣ ಕಟ್ಟುವ ಬಾರ್ ಬೆಂಡರೂ ಸಿಗುತ್ತಾರೆ. ಮಾತಾಡಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮೂವರೂ ಸಹಿ ಹಾಕಿ. ನೂರು ಪುಟದ ನೋಟ್‌ಬುಕ್ ಸಾಕು, ಆಪ್ ಗೀಪ್ ಏನೂ ಬೇಡ.

ಇನ್ನೊಂದು ಮಾತು, ಮುಂದೆ ಕಟ್ಟಿಸುವವರಿಗೆ. ನಮ್ಮಲ್ಲಿ ಆರ್ಕಿಟೆಕ್ಟ್ ನಕ್ಷೆ ಮುಗಿಸಿ, ಪಾಲಿಕೆಯಲ್ಲಿ ಪರವಾನಗಿ ಆಗಿ, ಪೂಜೆಗೆ ದಿನ ಗೊತ್ತು ಮಾಡಿದ ಮೇಲೆ ಗುತ್ತಿಗೆದಾರರನ್ನು ಹುಡುಕುತ್ತೇವೆ. ಅಷ್ಟು ಹೊತ್ತಿಗೆ ನಕ್ಷೆ ಗಟ್ಟಿಯಾಗಿರುತ್ತದೆ, ಆರ್ಕಿಟೆಕ್ಟ್ ಮನಸ್ಸೂ ಗಟ್ಟಿಯಾಗಿರುತ್ತದೆ. ನಕ್ಷೆ ಇನ್ನೂ ಪೆನ್ಸಿಲ್‌ನಲ್ಲಿ ಇರುವಾಗಲೇ ಗುತ್ತಿಗೆದಾರರನ್ನು ಕರೆದು ಚಹಾ ಕೊಟ್ಟು ಕೂರಿಸಿ. "ಈ ಮೂಲೆಗೆ ಟ್ರ್ಯಾಕ್ಟರ್ ಬರಲ್ಲ", "ಈ ಕಿಟಕಿ ಅಳತೆಗೆ ಚೌಕಟ್ಟು ಮಾಡಿದರೆ ಕಟ್ಟಿಗೆ ಜಾಸ್ತಿ ವೇಸ್ಟ್", "ಕ್ಯೂರಿಂಗ್ ನೀರು ಯಾರ ಲೆಕ್ಕ" ಎಂದು ಅವರು ಹೇಳುವುದು ಅವತ್ತು ಪುಕ್ಕಟೆ. ಸ್ಲ್ಯಾಬ್ ಆದ ಮೇಲೆ ಅದೇ ಮಾತಿಗೆ ಬಿಲ್ ಬರುತ್ತದೆ. ನೀರಿನ ಮಾತು ತಮಾಷೆ ಅಲ್ಲ. ಹುಬ್ಬಳ್ಳಿಯಲ್ಲಿ ಟ್ಯಾಂಕರ್ ತರಿಸಿದವರಿಗೆ ಗೊತ್ತು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ ಸಾದಾ ಒಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ 10 ದಿನ ಕಾಂಕ್ರೀಟನ್ನು ಹಸಿಯಾಗಿ ಇಡಬೇಕು. ಆ ನೀರು ಯಾರದು ಎಂದು ಬರೆಯದಿದ್ದರೆ ಮೂರನೇ ದಿನಕ್ಕೆ ಯಾರೂ ನೀರು ಹೊಡೆಯುವುದಿಲ್ಲ.

ಪ್ರಶ್ನೆ: ಗದಗದಿಂದ ನರಗುಂದ ಕಡೆ ಹೋಗುವಾಗ ಸಿಗುವ ಒಂದು ಲೇಔಟಿನಲ್ಲಿ ಸೈಟು ಇದೆ, ಮೊದಲು ಎರೆ ಹೊಲ ಇತ್ತು. ಆರ್ಕಿಟೆಕ್ಟ್ ಮಣ್ಣು ಪರೀಕ್ಷೆ ಮಾಡಿಸಿ, ಅಂಡರ್ ರೀಮ್ಡ್ ಪೈಲ್ ಎಂಬ ಆಳದ ಕಂಬದ ಪಾಯ ಬೇಕಾಗಬಹುದು ಎನ್ನುತ್ತಾರೆ. ಗುತ್ತಿಗೆದಾರರು 30 ವರ್ಷದಿಂದ ಇಲ್ಲಿ ಕಟ್ಟುತ್ತಿದ್ದಾರೆ. "ಐದು ಅಡಿ ಪಾಯ ತೆಗೆದು ಬೆಲ್ಟ್ ಹಾಕಿದ್ರ ಸಾಕ್ರೀ, ಸುಮ್ನ ರೊಕ್ಕ ಹಾಳು" ಎನ್ನುತ್ತಾರೆ. ಯಾರನ್ನು ನಂಬಲಿ?

ಉತ್ತರ: ಇಬ್ಬರನ್ನೂ ನಂಬಬೇಡಿ, ಗುಂಡಿಯನ್ನು ನಂಬಿ. ಸೈಟಿನ ಎರಡು ಮೂಲೆಯಲ್ಲಿ ಜೆಸಿಬಿಯಿಂದ ಗುಂಡಿ ತೋಡಿಸಿ, ಇಬ್ಬರನ್ನೂ ಅದರ ದಡದಲ್ಲಿ ನಿಲ್ಲಿಸಿ. ಐದು ಅಡಿಗೆ ಗಟ್ಟಿ ಗರಸು ಹತ್ತಿದರೆ ನಿಮ್ಮ ಗುತ್ತಿಗೆದಾರರ ಮಾತಿಗೆ ತೂಕ ಬಂತು. ಹತ್ತು ಅಡಿಗೂ ಕರಿ ಎರೆಯೇ ಇದ್ದರೆ ಆರ್ಕಿಟೆಕ್ಟ್ ಮಾತಿಗೆ. ಕಪ್ಪತಗುಡ್ಡದ ಕಡೆ ಬೇರೆ ಮಣ್ಣು, ನರಗುಂದ, ರೋಣದ ಕಡೆ ಬೇರೆ ಮಣ್ಣು. 30 ವರ್ಷದ ಅನುಭವ ಎಲ್ಲಿಯದು ಎಂದು ಮೆತ್ತಗೆ ಕೇಳಿ ನೋಡಿ.

ಎರೆ ಮಣ್ಣಿನ ಆಟ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಹೀರಿ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಹೊಲದಲ್ಲಿ ಇದು ಕಡಲೆಗೆ, ಹತ್ತಿಗೆ ವರ. ಮನೆ ಕೆಳಗೆ ಇದ್ದರೆ ವರ್ಷಕ್ಕೊಮ್ಮೆ ಪಾಯವನ್ನು ಎತ್ತಿ ಇಳಿಸುತ್ತದೆ, ಗೋಡೆಯಲ್ಲಿ ಕಿಟಕಿ ಮೂಲೆಯಿಂದ ಓರೆ ಬಿರುಕು ಏಳುತ್ತದೆ. ಈ ಏರಿಳಿತ ಸುಮಾರು ಮೂರೂವರೆ ಮೀಟರ್ ಆಳದವರೆಗೂ ಇರಬಹುದು, ಅಂದರೆ ಹನ್ನೊಂದು ಅಡಿ ಮೇಲೆ. ಅಂಡರ್ ರೀಮ್ಡ್ ಪೈಲ್ ಎಂದರೆ ಆ ಅಲುಗಾಡುವ ಪದರ ದಾಟಿ ಕೆಳಗೆ ಇಳಿಯುವ ಕಂಬ, ಬುಡದಲ್ಲಿ ಗಡ್ಡೆ ಬಿಟ್ಟಿರುತ್ತದೆ. ನಿಮ್ಮ ಕಡೆಯ ಈರುಳ್ಳಿ ಗಿಡ ನೆನಪಿಸಿಕೊಳ್ಳಿ. ಗಡ್ಡೆಯ ಅಗಲ ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು. ಮಣ್ಣು ಮೇಲೆ ಎತ್ತಲು ನೋಡಿದಾಗ ಆ ಗಡ್ಡೆ ಹಿಡಿದುಕೊಳ್ಳುತ್ತದೆ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಇದನ್ನು ನಮ್ಮ ಎರೆ ನೆಲಕ್ಕೆ ಅಂತಲೇ ಬೆಳೆಸಿದ್ದು. ಪೈಲ್‌ಗಳ ಮಾನಕ ಐಎಸ್ 2911ರಲ್ಲಿ ಇದಕ್ಕೆ ಬೇರೆ ಭಾಗವೇ ಇದೆ.

ಆದರೆ ಗುತ್ತಿಗೆದಾರರನ್ನು ಬದಿಗೆ ತಳ್ಳಬೇಡಿ. ಆ ಲೇಔಟಿನಲ್ಲಿ ಯಾವ ಮೂಲೆಯಲ್ಲಿ ಹಳೆ ಬಾವಿ ಮುಚ್ಚಿದ್ದಾರೆ, ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಪಕ್ಕದ ಮನೆ ಯಾವ ವರ್ಷ ಬಿರಿಯಿತು ಎನ್ನುವುದು ಅವರಿಗೆ ಗೊತ್ತಿರುತ್ತದೆ. ಮಣ್ಣು ಪರೀಕ್ಷೆ ಮಾಡುವವರು ಬೋರ್ ಹಾಕುವುದು ಎರಡೋ ಮೂರೋ ಕಡೆ ಮಾತ್ರ. ಎಲ್ಲಿ ಹಾಕಬೇಕು ಎಂದು ಗುತ್ತಿಗೆದಾರರಿಗೇ ತೋರಿಸಲು ಹೇಳಿ. ಕೊನೆಯ ನಿರ್ಧಾರ ಇವರಿಬ್ಬರದೂ ಅಲ್ಲ, ವರದಿ ಓದಿ ಸಹಿ ಹಾಕುವ ಸ್ಟ್ರಕ್ಚರಲ್ ಎಂಜಿನಿಯರದು. ನಿಮ್ಮ ಪತ್ರದಲ್ಲಿ ಆ ಮನುಷ್ಯನ ಸುದ್ದಿಯೇ ಇಲ್ಲ, ನನಗೆ ಗಾಬರಿ ಆದದ್ದು ಅಲ್ಲಿ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಿ. ಪಾಯ ತೋಡಿದ ಎರೆ ಮಣ್ಣನ್ನೇ ಮತ್ತೆ ಮನೆಯೊಳಗಿನ ನೆಲ ತುಂಬಲು ಹಾಕಕೂಡದು. ಅದು ಅಲ್ಲೇ ಬಿದ್ದಿರುತ್ತದೆ, ಪುಕ್ಕಟೆ, ಎಲ್ಲರಿಗೂ ಆಸೆ. ಗರಸು ತರಿಸಿ, ಅರ್ಧ ಮುಕ್ಕಾಲು ಅಡಿಯ ಪದರ ಹಾಕಿ ನೀರು ಬಿಟ್ಟು ದಮ್ಮಸ್ಸು ಹೊಡೆಯಬೇಕು. ಆರ್ಕಿಟೆಕ್ಟ್ ಇದನ್ನು ದರಪಟ್ಟಿಯಲ್ಲಿ ಬೇರೆ ಸಾಲಾಗಿ ಬರೆದು, ಗುತ್ತಿಗೆದಾರರು ಅದಕ್ಕೆ ಬೇರೆ ರೇಟು ಕೊಟ್ಟರೆ ಜಗಳವೇ ಇಲ್ಲ. ಬರೆಯದೆ "ಫಿಲ್ಲಿಂಗ್ ಸೇರಿ" ಎಂದರೆ ಎರೆಯೇ ಬೀಳುತ್ತದೆ, ಅದಕ್ಕೆ ಗುತ್ತಿಗೆದಾರರನ್ನು ಬೈದು ಉಪಯೋಗ ಇಲ್ಲ. ಮನೆ ಸುತ್ತ ಮೂರು ಅಡಿ ಅಗಲ ಕಾಂಕ್ರೀಟ್ ಅಂಚು ಹಾಕಿಸಿ, ಗೋಡೆ ಬುಡಕ್ಕೆ ನೀರು ಇಳಿಯಬಾರದು.

ಪ್ರಶ್ನೆ: ನಾನು ರಾಣೆಬೆನ್ನೂರಿನ ಸಣ್ಣ ಗುತ್ತಿಗೆದಾರ. ಆರ್ಕಿಟೆಕ್ಟ್ ಸಾಹೇಬರು ವಾಟ್ಸಾಪಿನಲ್ಲಿ ನಕ್ಷೆ ಕಳಿಸುತ್ತಾರೆ, ಮೂರು ದಿನಕ್ಕೆ ಇನ್ನೊಂದು ಕಳಿಸುತ್ತಾರೆ. ಸೈಟಿಗೆ ಬರುವುದು ತಿಂಗಳಿಗೊಮ್ಮೆ. ಬಂದಾಗ ಮಾಲೀಕರ ಮುಂದೆ ನಮಗೆ ಬೈಗುಳ. ಒಡೆದು ಕಟ್ಟಿದ ಖರ್ಚು ನಮ್ಮದೇ. ಹೇಗೆ ಮಾತಾಡಬೇಕು?

ಉತ್ತರ: ಈ ಪತ್ರ ಓದಿ ನನಗೆ ನಾಚಿಕೆ ಆಯಿತು. ನಾನೂ ಹೀಗೆ ಕಳಿಸಿದ್ದೇನೆ, ಬಸ್ಸಿನಲ್ಲಿ ಕೂತು ಕಳಿಸಿದ್ದೇನೆ.

ಬಾಯಿಯಲ್ಲಿ ಮಾತಾಡುವುದು ಕಮ್ಮಿ ಮಾಡಿ, ಬರೆಯುವುದು ಜಾಸ್ತಿ ಮಾಡಿ. ನಕ್ಷೆ ಬಂದ ಕೂಡಲೇ ನಂಬರ್, ತಾರೀಖು ನೋಡಿ. ನಂಬರ್ ಇಲ್ಲದಿದ್ದರೆ "ಸರ್, ಇದು ಎಷ್ಟನೇ ಬದಲಾವಣೆ? ನಂಬರ್ ಹಾಕಿ ಕಳಿಸಿ, ಅಲ್ಲಿವರೆಗೆ ಹಿಂದಿನದರಂತೆ ಹೋಗ್ತೀವಿ" ಎಂದು ಒಂದು ಸಾಲು. ಸೈಟಿನಲ್ಲಿ ಒಂದೇ ಸೆಟ್ ಪ್ರಿಂಟ್ ಇರಲಿ. ಹಳೆಯದರ ಮೇಲೆ ಕೆಂಪು ಪೆನ್ನಿನಲ್ಲಿ ಅಡ್ಡ ಗೀಟು ಎಳೆಯಿರಿ. ಹಳೆ ನಕ್ಷೆ ಬಾರ್ ಬೆಂಡರ್ ಜೇಬಿನಲ್ಲಿ ಉಳಿದು ಆದ ಅನಾಹುತ ನಾನು ಕಂಡಷ್ಟು ಸಿಮೆಂಟಿನ ಮೋಸವನ್ನೂ ಕಂಡಿಲ್ಲ.

ಅನುಮಾನ ಬಂದರೆ "ಏನ್ ಮಾಡ್ಲಿ ಸರ್" ಎಂದು ಕೇಳಬೇಡಿ. ಅದಕ್ಕೆ ಉತ್ತರ ಬರುವುದಿಲ್ಲ, ಬಂದರೂ "ನಾಳೆ ಹೇಳ್ತೀನಿ" ಅಂತ ಬರುತ್ತದೆ. ಫೋಟೋ ತೆಗೆದು ಅದರ ಮೇಲೆ ಗೀಟು ಹಾಕಿ ಎರಡು ದಾರಿ ಬರೆಯಿರಿ: ತೊಲೆ ಇಲ್ಲಿ ಬಂದರೆ ಕಿಟಕಿ ಆರು ಇಂಚು ಗಿಡ್ಡ ಆಗುತ್ತದೆ, ಇಲ್ಲವೇ ಕಿಟಕಿ ಪಕ್ಕಕ್ಕೆ ಸರಿಸಬೇಕು, ಶುಕ್ರವಾರ ಸೆಂಟ್ರಿಂಗ್ ಮುಚ್ಚುತ್ತೇವೆ, ಗುರುವಾರದೊಳಗೆ ಯಾವುದು ಹೇಳಿ. ಇಂಥ ಪ್ರಶ್ನೆಗೆ ಎಂಥ ಆರ್ಕಿಟೆಕ್ಟೂ ಹತ್ತು ನಿಮಿಷದಲ್ಲಿ ಉತ್ತರಿಸುತ್ತಾರೆ, ಯಾಕೆಂದರೆ ಅರ್ಧ ಕೆಲಸ ನೀವೇ ಮಾಡಿದ್ದೀರಿ. ಖರ್ಚಿನ ಬದಲಾವಣೆ ಆದರೆ ಒಡೆಯುವ ಮುಂಚೆ ಮೊತ್ತ ಬರೆದು ಕಳಿಸಿ, ಮಾಲೀಕರ ಒಪ್ಪಿಗೆ ಬಂದ ಮೇಲೆ ಸುತ್ತಿಗೆ ಎತ್ತಿ. ಒಡೆದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ, ಅದು ನಿಮಗೂ ಗೊತ್ತು.

ನಿಮ್ಮ ಕಡೆಯಿಂದಲೂ ಕೆಲವು ಬಿಡಬೇಕು. ಸ್ಕೇಲ್ ಇಟ್ಟು ನಕ್ಷೆ ಅಳೆಯಬೇಡಿ, ಬರೆದ ಅಂಕಿಯೇ ಸರಿ, ಅಂಕಿ ಇಲ್ಲದಿದ್ದರೆ ಕೇಳಿ. ಕಬ್ಬಿಣ ನಿಮ್ಮ ಮನಸ್ಸಿಗೆ ಬಂದಂತೆ ಬದಲಿಸಬೇಡಿ. ಕಬ್ಬಿಣದ ಕೆಳಗೆ ಕವರ್ ಬ್ಲಾಕ್ ಇಡದೆ ಜಲ್ಲಿ ತುಂಡು ಇಟ್ಟು ಸ್ಲ್ಯಾಬ್ ಹಾಕುವುದನ್ನು ನಿಲ್ಲಿಸಿ. ಕಬ್ಬಿಣದ ಮೇಲೆ ಕಾಂಕ್ರೀಟಿನ ಹೊದಿಕೆ ಸ್ಲ್ಯಾಬಿಗೆ 20 ಮಿಲಿಮೀಟರ್, ಕಂಬಕ್ಕೆ 40, ಕನಿಷ್ಠ ಅಷ್ಟು ಬೇಕೇ ಬೇಕು. ಬಾಡಿಗೆ ಉಳಿಸಲು ಸ್ಲ್ಯಾಬಿಗೆ ಆನಿಸಿದ ಪ್ರಾಪ್ ಬೇಗ ತೆಗೆಯುತ್ತೀರಲ್ಲ, ಅದರಲ್ಲೇ ಆರ್ಕಿಟೆಕ್ಟ್‌ಗಳ ನಂಬಿಕೆ ಹೋಗುವುದು. ನಾಲ್ಕೂವರೆ ಮೀಟರ್‌ವರೆಗಿನ ಸ್ಲ್ಯಾಬಿಗೆ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14, ಆರು ಮೀಟರ್ ದಾಟಿದ ತೊಲೆಗೆ 21, ಪಿಪಿಸಿ ಸಿಮೆಂಟ್ ಆದರೆ ಇನ್ನೂ ತಡ. ತೆಗೆಯುವ ಹಿಂದಿನ ದಿನ ಒಂದು ಮೆಸೇಜ್ ಹಾಕಿ. ಎರಡು ಮನೆ ಹೀಗೆ ಮುಗಿಸಿದರೆ ಮಾಲೀಕರ ಮುಂದೆ ಬೈಯುವವರ ದನಿ ತಾನಾಗಿ ಇಳಿಯುತ್ತದೆ.

ಪ್ರಶ್ನೆ: ಪಾಯದ ಮೇಲಿನ ಕಟ್ಟೆ, ಅಂದರೆ ಪ್ಲಿಂತ್, ಆದ ಮೇಲೆ ನಮ್ಮ ಮಾವನವರು ವಾಸ್ತು ನೋಡುವವರನ್ನು ಕರೆತಂದರು. ಅಡುಗೆಮನೆ ಬದಲಿಸಿ ಎಂದರು. ಆರ್ಕಿಟೆಕ್ಟೂ ಗುತ್ತಿಗೆದಾರರೂ ಜೀವನದಲ್ಲಿ ಮೊದಲ ಸಲ ಒಂದಾಗಿ ನಮ್ಮ ಮೇಲೆ ಸಿಟ್ಟಾಗಿದ್ದಾರೆ. (ಧಾರವಾಡ)

ಉತ್ತರ: ಅವರಿಬ್ಬರೂ ಒಂದಾದರಲ್ಲ, ಮಾವನವರಿಗೆ ನನ್ನ ಪರವಾಗಿ ನಮಸ್ಕಾರ ಹೇಳಿ. ಬದಲಿಸುವುದಾದರೆ ಡ್ರೈನೇಜ್ ಪೈಪ್ ಎಲ್ಲಿ ಹೋಗಿದೆ ನೋಡಿ ಬದಲಿಸಿ, ಖರ್ಚು ನೀವೇ ಕೊಡಿ. ವಾಸ್ತು ಬೇಕು ಅನ್ನುವ ಮನೆಯಾದರೆ ಅವರನ್ನೂ ಪೆನ್ಸಿಲ್ ಇರುವಾಗಲೇ ಕರೆಯಬೇಕಿತ್ತು.

ಪ್ರಶ್ನೆ: ನಾನು ಕಾಲೇಜು ಮುಗಿಸಿ ಎರಡು ವರ್ಷ ಆದ ಆರ್ಕಿಟೆಕ್ಟ್, ಧಾರವಾಡದಲ್ಲಿ ಕೆಲಸ. ಪಡಸಾಲೆಗೆ ಗಾಳಿ ಬರಲಿ ಎಂದು ತೂತು ಬಿಟ್ಟು ಕಟ್ಟುವ ಒಂದು ಇಟ್ಟಿಗೆ ಜಾಲಿ ಗೋಡೆಯನ್ನು ನಕ್ಷೆಯಲ್ಲಿ ಹಾಕಿದ್ದೆ. ಗೌಂಡಿ ನೋಡಿದವರೇ "ಮೇಡಂ, ಹಂಗ ಬರೂದಿಲ್ರೀ" ಎಂದರು. ಗುತ್ತಿಗೆದಾರರೂ ನಕ್ಕರು. ಹುಡುಗಿ ಅಂತ ಹೀಗೋ, ಹೊಸಬಳು ಅಂತ ಹೀಗೋ ಗೊತ್ತಾಗುತ್ತಿಲ್ಲ.

ಉತ್ತರ: ಎರಡೂ ಇರಬಹುದು, ಸುಳ್ಳು ಸಮಾಧಾನ ಹೇಳುವುದಿಲ್ಲ. ಆದರೆ ಮೂರನೇ ಕಾರಣವನ್ನೂ ನೋಡಿ. ನೀವು ಕಳಿಸಿದ ನಕ್ಷೆಯಲ್ಲಿ ಇಟ್ಟಿಗೆ 190, 90, 90 ಮಿಲಿಮೀಟರ್ ಇದೆ. ಅದು ಪುಸ್ತಕದ ಮಾಡ್ಯುಲರ್ ಇಟ್ಟಿಗೆ. ನಿಮ್ಮ ಸೈಟಿಗೆ ಬಂದ ಭಟ್ಟಿ ಇಟ್ಟಿಗೆ ಅಳೆದಿದ್ದೀರಾ? ಒಂದೇ ಲೋಡಿನಲ್ಲಿ ಎರಡು ಅಳತೆ ಬರುತ್ತದೆ. ಗೌಂಡಿ "ಬರೂದಿಲ್ಲ" ಎಂದದ್ದು ನಿಮ್ಮ ಜಾಲಿಗೆ ಅಲ್ಲದೆ, ಈ ಇಟ್ಟಿಗೆಯಲ್ಲಿ ಆ ಜಾಲಿಗೆ ಇದ್ದೀತು. ಯಾಕೆ ಬರೂದಿಲ್ಲ ಅಂತ ಕೇಳಿದ್ದೀರಾ? ನಾವು ಕೇಳುವುದೇ ಇಲ್ಲ, ಮುಖ ಊದಿಸಿಕೊಂಡು ಕಾರು ಹತ್ತುತ್ತೇವೆ.

ನಾಳೆ ಬೆಳಿಗ್ಗೆ ಹೋಗಿ ಅವರ ಜೊತೆ ಐವತ್ತು ಇಟ್ಟಿಗೆ ಇಟ್ಟು, ಗಾರೆ ಇಲ್ಲದೆ, ನೆಲದ ಮೇಲೆ ಮೂರು ಅಡಿ ಜಾಲಿ ಜೋಡಿಸಿ ನೋಡಿ. ಅಲ್ಲೇ ಚಾಕ್‌ಪೀಸಿನಿಂದ ಗೋಡೆ ಮೇಲೆ ಪೂರ್ತಿ ಅಳತೆಯಲ್ಲಿ ಬರೆಯಿರಿ. ನಕ್ಷೆಯ ದೊಡ್ಡ ಎ1 ಹಾಳೆ ಓದದ ಗೌಂಡಿ ಗೋಡೆ ಮೇಲಿನ ಗೀಟು ಚೆನ್ನಾಗಿ ಓದುತ್ತಾನೆ. ಅವನು ಒಂದು ಇಟ್ಟಿಗೆ ಅಡ್ಡ ತಿರುಗಿಸಿ "ಹಿಂಗ ಇಟ್ರ ನಿಂದರ್ತೈತಿ ನೋಡ್ರಿ" ಎಂದರೆ ನಿಮ್ಮ ನಕ್ಷೆ ಬದಲಿಸಿ. ಆ ಜಾಲಿ ಆಮೇಲೆ ಅವನದೂ ಆಗುತ್ತದೆ, ತನ್ನ ಹುಡುಗರ ಕೈಯಲ್ಲಿ ಕೆಡಲು ಬಿಡುವುದಿಲ್ಲ.

ಬಿಡುವಾದಾಗ ಗದಗ ಜಿಲ್ಲೆಯ ಡಂಬಳಕ್ಕೆ ಹೋಗಿ ಬನ್ನಿ. ದೊಡ್ಡಬಸಪ್ಪ ಗುಡಿಯ ತಳವಿನ್ಯಾಸ 24 ಮೂಲೆಯ ನಕ್ಷತ್ರ. ಒಂದೇ ನಡುಬಿಂದುವಿನ ಸುತ್ತ ಒಂದು ಚೌಕವನ್ನು 15 ಡಿಗ್ರಿಯಂತೆ ತಿರುಗಿಸುತ್ತ ಆರು ಸಲ ಬರೆದರೆ ಆ 24 ಮೂಲೆ ಸಿಗುತ್ತವೆ. ಗೂಟ, ಹಗ್ಗ ಇದ್ದರೆ ನೆಲದ ಮೇಲೇ ಹಾಕಬಹುದು. ಗೋಡೆಯ ಬುಡದಲ್ಲಿ ಕೂತು ಒಂದೊಂದು ಮೂಲೆ ನೋಡುತ್ತಾ ಹೋದರೆ, ಯೋಚಿಸಿದವರು ಎಲ್ಲಿ ಮುಗಿದರು, ಕಲ್ಲು ಕಡಿದವರು ಎಲ್ಲಿ ಶುರುವಾದರು ಎಂದು ಹೇಳುವುದು ಕಷ್ಟ. ನಾನು ಅಲ್ಲಿಗೆ ಹೋದಾಗೆಲ್ಲ ನನ್ನ ಲ್ಯಾಪ್‌ಟಾಪ್ ಮೇಲೆ ಸ್ವಲ್ಪ ಸಿಟ್ಟು ಬರುತ್ತದೆ.

ಪ್ರಶ್ನೆ: ಎಲ್ಲರೂ ಆರ್ಕಿಟೆಕ್ಟ್, ಗುತ್ತಿಗೆದಾರರು ಇಬ್ಬರೂ ಹೊಂದಿಕೊಂಡು ಹೋಗಬೇಕು ಎನ್ನುತ್ತೀರಿ. ನಮ್ಮ ಹಾವೇರಿಯಲ್ಲಿ ಆರ್ಕಿಟೆಕ್ಟೇ ಗುತ್ತಿಗೆದಾರರನ್ನು ತೋರಿಸಿದ್ದಾರೆ, ಇಬ್ಬರೂ ಜಿಗರಿ ದೋಸ್ತರು. ಜಾಸ್ತಿ ಹೊಂದಿಕೊಂಡರೆ ನಷ್ಟ ನಮಗೇ ಅಲ್ವಾ?

ಉತ್ತರ: ಸರಿಯಾದ ಭಯ. ದೋಸ್ತಿ ತಪ್ಪಲ್ಲ. ಹತ್ತು ಮನೆ ಜೊತೆಗೆ ಕಟ್ಟಿದವರು ಅರ್ಧ ಮಾತಿನಲ್ಲೇ ಅರ್ಥ ಮಾಡಿಕೊಳ್ಳುತ್ತಾರೆ, ಅದರ ಲಾಭ ನಿಮ್ಮದೇ. ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎನ್ನುವುದನ್ನು ಮಾತ್ರ ನೋಡಿ. ಆರ್ಕಿಟೆಕ್ಟ್ ಫೀಸು ನೀವೇ ನೇರ ಕೊಡಿ. "ಗುತ್ತಿಗೆಯಲ್ಲೇ ಸೇರಿದೆ" ಎಂದರೆ ಅವರು ನಿಮ್ಮ ಕಡೆಯವರಾಗಿ ಉಳಿಯುವುದಿಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಡಿ ನೋಂದಾಯಿಸಿಕೊಂಡವರಿಗೆ 1989ರಿಂದ ನಡತೆಯ ನಿಯಮಗಳಿವೆ. ಕೆಲಸ ಕೊಡಿಸಿದ್ದಕ್ಕೆ ಕಮಿಷನ್, ಉಡುಗೊರೆ ಕೊಡುವುದೂ ತೆಗೆದುಕೊಳ್ಳುವುದೂ ಅದರಲ್ಲಿ ನಿಷಿದ್ಧ. ನೋಂದಣಿ ನಂಬರ್ ಕೇಳಲು ಸಂಕೋಚ ಬೇಡ.

ಚದರಡಿಗೆ ಇಷ್ಟು ಎಂದು ಬಾಯಿಮಾತಿನಲ್ಲಿ ಒಪ್ಪಿಕೊಳ್ಳಬೇಡಿ. ಚದರಡಿ ರೇಟಿನೊಳಗೆ ಬಾಗಿಲು ಸಾಗವಾನಿಯದೋ ಫ್ಲಶ್ ಡೋರೋ, ಗಿಲಾವು ಎಷ್ಟು ದಪ್ಪ, ಕಾಂಕ್ರೀಟ್ ಎಂ20 ದರ್ಜೆಯದೋ ಅಲ್ಲವೋ, ಏನೂ ಕಾಣುವುದಿಲ್ಲ. ಕೆಲಸ ಕೆಲಸಕ್ಕೆ ಬೇರೆ ಸಾಲು, ಬೇರೆ ರೇಟು ಇರುವ ಪಟ್ಟಿ ಆರ್ಕಿಟೆಕ್ಟ್ ಮಾಡಿಕೊಡಲಿ, ಅದೇ ಪಟ್ಟಿಗೆ ಅವರ ದೋಸ್ತರ ಜೊತೆ ಇನ್ನಿಬ್ಬರಿಂದಲೂ ದರ ತರಿಸಿ. ದೋಸ್ತರಿಗೇ ಕೊಟ್ಟರೂ ಪರವಾಗಿಲ್ಲ, ಊರಿನ ರೇಟು ಎಷ್ಟು ಎಂದಾದರೂ ತಿಳಿಯುತ್ತದೆ. ಬಿಲ್ ಬಂದಾಗ ಟೇಪ್ ಹಿಡಿಯುವ ದಿನ ನೀವೂ ಒಂದು ತುದಿ ಹಿಡಿಯಿರಿ. ಪ್ರತಿ ಬಿಲ್ಲಿನಲ್ಲಿ ನೂರಕ್ಕೆ ಐದು ಹಿಡಿದಿಟ್ಟು, ಗೃಹಪ್ರವೇಶ ಆಗಿ ಒಂದು ಪೂರ್ತಿ ಮಳೆಗಾಲ ಕಳೆದ ಮೇಲೆ ಕೊಡುತ್ತೇನೆ ಎಂದು ಕರಾರಿನಲ್ಲಿ ಮೊದಲೇ ಬರೆಯಿರಿ. ಕೆಲಸ ಮುಗಿದ ಮೇಲೆ ಹೊಸದಾಗಿ ಹೇಳಿದರೆ ಅದು ಮೋಸ, ಅದನ್ನು ನೀವೂ ಮಾಡಬೇಡಿ. ಆ ಮಳೆಗಾಲದಲ್ಲಿ ಮಾಳಿಗೆ ಸೋರಿದರೆ ಇಬ್ಬರಿಗೂ ಒಟ್ಟಿಗೇ ಫೋನ್ ಮಾಡಿ, ಒಂದೇ ಕಾಲ್‌ನಲ್ಲಿ.